ಕೂಸಿಗೂ ಒಂದು ಸೀಟು ಕೊಡಿ

ಬೆಂಗಳೂರಿನ ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದ ಎಷ್ಟೋ ಮನೆಗಳ ಮಗನೋ ಮಗಳೋ ಅಮೆರಿಕದಲ್ಲಿದ್ದಾರೆ. ಮಗುವನ್ನು ಮನೆದೇವರಿಗೆ ತೋರಿಸಲು, ಮುಡಿ ಕೊಡಿಸಲು, ಅಜ್ಜಿ–ತಾತನ ಜೊತೆ ನಾಲ್ಕು ದಿನ ಬಿಡಲು ಊರಿಗೆ ಬರುತ್ತಾರೆ. ಕೂಸಿಗೆ ಎರಡು ವರ್ಷ ತುಂಬುವುದರೊಳಗೆ ಬಂದುಹೋಗಬೇಕೆಂದು ಲೆಕ್ಕ ಹಾಕಿ ಟಿಕೆಟ್ ತೆಗೆಯುವವರೂ ಇದ್ದಾರೆ. ಎರಡರೊಳಗಿನ ಮಗುವಿಗೆ ವಿಮಾನದಲ್ಲಿ ಬೇರೆ ಸೀಟು ಕೊಳ್ಳಲೇಬೇಕೆಂದಿಲ್ಲ, ತೊಡೆಯ ಮೇಲೆ ಕೂರಿಸಿಕೊಂಡರಾಯಿತು. ಆ ಲೆಕ್ಕವನ್ನು ಬಿಟ್ಟುಬಿಡಿ ಎಂದು ಕೈಮುಗಿದು ಕೇಳುತ್ತೇನೆ.

ತಾಯಿಯ ತೋಳಿಗಿಂತ ಭದ್ರವಾದ ಜಾಗ ಇಲ್ಲವೆಂದು ನಂಬಿ ಬೆಳೆದವರು ನಾವು. ಆದರೆ ವಿಮಾನದ ಸೀಟನ್ನು ಹಳೆಯ ಮಾನದಂಡದಲ್ಲೂ ಗುರುತ್ವದ 9 ಪಟ್ಟು ಬಲಕ್ಕೆ ಅಲುಗದಂತೆ ಕಟ್ಟಬೇಕಿತ್ತು. ಹೊಸ ವಿನ್ಯಾಸಗಳಿಗೆ ಅದು 16 ಪಟ್ಟು. 9 ಪಟ್ಟೆಂದೇ ಇಟ್ಟುಕೊಳ್ಳಿ. 10 ಕಿಲೋ ಕೂಸು ವಿಮಾನ ಅಪ್ಪಳಿಸುವ ಗಳಿಗೆಯಲ್ಲಿ 90 ಕಿಲೋ ತೂಗುತ್ತದೆ. ಯಾವ ತಾಯಿಯ ಕೈ ಅದನ್ನು ಹಿಡಿದೀತು? ಪ್ರೀತಿ ಕಡಿಮೆಯಾಗಿ ಮಗು ಜಾರುವುದಿಲ್ಲ, ಮನುಷ್ಯರ ತೋಳಿಗೆ ಅಷ್ಟು ಬಲವೇ ಇಲ್ಲ.

1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಯುನೈಟೆಡ್ 232 ವಿಮಾನ ನೆಲಕ್ಕಪ್ಪಳಿಸಿತು. ಒಳಗಿದ್ದ 296 ಮಂದಿಯಲ್ಲಿ 112 ಜನ ತೀರಿಕೊಂಡರು. ತೊಡೆಯ ಮೇಲೆ ಪ್ರಯಾಣಿಸುತ್ತಿದ್ದ ಮಕ್ಕಳು ನಾಲ್ವರು. ಮಕ್ಕಳನ್ನು ಕಾಲ ಬಳಿ ನೆಲದ ಮೇಲಿಟ್ಟು ಹಿಡಿದುಕೊಳ್ಳಿ ಎಂದು ಗಗನಸಖಿಯರ ಮುಖ್ಯಸ್ಥೆ ಜಾನ್ ಬ್ರೌನ್ ಹೇಳಿದರು, ಅಂದಿನ ನಿಯಮವೇ ಹಾಗಿತ್ತು. ಆ ನಾಲ್ವರಲ್ಲಿ ಒಂದು ಮಗು ಉಳಿಯಲಿಲ್ಲ. ಮಗುವನ್ನು ಹುಡುಕಿಕೊಂಡು ಮತ್ತೆ ವಿಮಾನದೊಳಗೆ ನುಗ್ಗಹೊರಟ ತಾಯಿಯನ್ನು ತಡೆದವರೂ ಬ್ರೌನ್ ಅವರೇ. ಪ್ರತಿ ಮಗುವಿಗೂ ಸ್ವಂತ ಸೀಟು, ಸ್ವಂತ ಬೆಲ್ಟು ಬೇಕೆಂದು ಆಮೇಲೆ ವರ್ಷಗಟ್ಟಲೆ ಹೋರಾಡಿದರು. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯೂ ಅದನ್ನೇ ಶಿಫಾರಸು ಮಾಡಿತು. ವಿಮಾನಯಾನ ಇಲಾಖೆ ಒಪ್ಪಲಿಲ್ಲ. ಟಿಕೆಟ್ ಹೊರೆಯಾದರೆ ಜನ ಕಾರಿನಲ್ಲಿ ಹೊರಡುತ್ತಾರೆ, ರಸ್ತೆಯಲ್ಲಿ ಇನ್ನೂ ಹೆಚ್ಚು ಮಕ್ಕಳು ಸಾಯುತ್ತಾರೆ ಎಂಬುದು ಅದರ ವಾದ. ಆ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಕಾರಿನಲ್ಲಿ ಹೋಗುವವರು ಯಾರೂ ಇಲ್ಲವಲ್ಲ.

ಮಗು ಕೈಜಾರಲು ಅಪಘಾತವೇ ಆಗಬೇಕಿಲ್ಲ. 2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹಾರುತ್ತಿದ್ದ ಸಿಂಗಪುರ್ ಏರ್‌ಲೈನ್ಸ್ ವಿಮಾನ ಮ್ಯಾನ್ಮಾರ್ ಮೇಲೆ ಗಾಳಿಯ ಹೊಡೆತಕ್ಕೆ ಸಿಕ್ಕಿತು. ಐದು ಸೆಕೆಂಡಿನೊಳಗೆ ಮೇಲೆ ಕೆಳಗೆ ಎತ್ತಿ ಕುಕ್ಕಿತು. ಬೆಲ್ಟ್ ಹಾಕದಿದ್ದ ದೊಡ್ಡವರೇ ಸೀಟಿನಿಂದ ಎಗರಿಹೋದರು. ಅಮೆರಿಕದಿಂದ ಊರಿಗೆ ಬರುವ ಹದಿನಾರು ಹದಿನೇಳು ಗಂಟೆಯ ಪ್ರಯಾಣದಲ್ಲಿ ನಡುರಾತ್ರಿ ತಾಯಿಗೆ ಜೊಂಪು ಹತ್ತುತ್ತದೆ, ತೋಳು ಸಡಿಲವಾಗುತ್ತದೆ. ಅದು ಯಾರ ತಪ್ಪೂ ಅಲ್ಲ.

ತಾಯಿಯ ಬೆಲ್ಟಿಗೆ ಸಿಕ್ಕಿಸಿ ಮಗುವಿನ ಹೊಟ್ಟೆಗೆ ಕಟ್ಟುವ ಪುಟ್ಟ ಬೆಲ್ಟು ಕೊಡುತ್ತಾರಲ್ಲ ಎನ್ನಬಹುದು. ವಿಮಾನ ಕುಲುಕಿದಾಗ ಮಗು ಹಾರಿಹೋಗದಂತೆ ಅದು ತಡೆಯುತ್ತದೆ, ನಿಜ. ಜೋರಾಗಿ ಅಪ್ಪಳಿಸಿದರೆ ಮಾತ್ರ ತಾಯಿಯ ಮೈ ಮುಂದಕ್ಕೆ ಮಡಚಿ ಮಗುವಿನ ಮೇಲೆಯೇ ಬೀಳುತ್ತದೆ, ಬೆಲ್ಟು ಎಳೆಹೊಟ್ಟೆಯನ್ನು ಒತ್ತುತ್ತದೆ. ಅಮೆರಿಕದಲ್ಲಿ ಅದರ ಬಳಕೆಗೆ ಒಪ್ಪಿಗೆಯಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಕ್ಯಾಲಿಫೋರ್ನಿಯಾದಲ್ಲಿ ಎರಡರೊಳಗಿನ ಮಗುವನ್ನು ಹಿಮ್ಮುಖದ ಕಾರ್ ಸೀಟಿನಲ್ಲಿ ಕಟ್ಟದೆ ಅಂಗಡಿಗೂ ಕರೆದೊಯ್ಯದ ಅಪ್ಪ–ಅಮ್ಮ, ದೇವನಹಳ್ಳಿಯಲ್ಲಿ ಇಳಿದು ಟ್ಯಾಕ್ಸಿ ಹತ್ತಿದ ಕೂಡಲೇ ಅದೇ ಮಗುವನ್ನು ತೊಡೆಗೆ ಹಾಕಿಕೊಳ್ಳುತ್ತಾರೆ. ಹೆಬ್ಬಾಳದವರೆಗಿನ ಆ ವೇಗದ ದಾರಿ ಆಕಾಶಕ್ಕಿಂತ ಅಪಾಯದ್ದು. ಮನೆ ಸೇರಿದ ಮೇಲೆ ಮಾಗಡಿ ರಸ್ತೆಯಲ್ಲಿ ಚಿಕ್ಕಪ್ಪನ ಸ್ಕೂಟರಿನ ಮುಂದೆ ನಿಲ್ಲಿಸಿ ಒಂದು ಸುತ್ತು. 9 ತಿಂಗಳಿಂದ 4 ವರ್ಷದ ಮಗುವನ್ನು ಸವಾರನಿಗೆ ಪಟ್ಟಿಯಿಂದ ಬಿಗಿದು, ಹೆಲ್ಮೆಟ್ ಹಾಕಿ, 40 ಕಿ.ಮೀ. ವೇಗ ಮೀರದೆ ಓಡಿಸಬೇಕೆಂಬ ಕೇಂದ್ರದ ನಿಯಮ 2023ರ ಫೆಬ್ರವರಿ 15ರಿಂದ ಜಾರಿಯಲ್ಲಿದೆ. ನಮ್ಮ ಬೀದಿಗಳಲ್ಲಿ ಅದನ್ನು ಪಾಲಿಸುವವರನ್ನು ಹುಡುಕಬೇಕು.

ಆ ಕಾರ್ ಸೀಟನ್ನೇ ಜೊತೆಗೆ ತನ್ನಿ. ವಿಮಾನದಲ್ಲೂ ಬಳಸಬಹುದೆಂದು ಕೆಂಪಕ್ಷರದಲ್ಲಿ ಬರೆದ ಚೀಟಿ ಅದರ ಮೇಲಿದೆಯೇ ನೋಡಿ. ಮಗುವಿಗೆ ಕಿಟಕಿ ಪಕ್ಕದ ಸೀಟು ತೆಗೆದುಕೊಳ್ಳಿ, ವಿಮಾನ ಸಂಸ್ಥೆಗೆ ಮೊದಲೇ ತಿಳಿಸಿ. ಅಮೆರಿಕದಿಂದ ಕೆಂಗೇರಿಯ ಮನೆ ಬಾಗಿಲವರೆಗೆ ಒಂದೇ ಸೀಟು ಕೂಸನ್ನು ಕಾಯುತ್ತದೆ. ಅಭ್ಯಾಸವಾದ ಸೀಟಾದ್ದರಿಂದ ಅದರಲ್ಲಿ ನಿದ್ದೆಯೂ ಬೇಗ ಬರುತ್ತದೆ.

ವಿಮಾನ ಸಂಸ್ಥೆಗಳೇ, ಮಗುವಿನ ಸೀಟಿನ ದರ ಇಳಿಸಿ. ಖಾಲಿ ಸೀಟುಗಳಿರುವ ದಿನ ತೊಡೆಗೂಸಿನ ಪಕ್ಕದ ಸೀಟನ್ನು ಬಿಟ್ಟುಕೊಡಿ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಅಧಿಕಾರಿಗಳೇ, ದೊಡ್ಡವರ ಲ್ಯಾಪ್‌ಟಾಪನ್ನೂ ಭದ್ರವಾಗಿ ಎತ್ತಿಡಿಸಿ ವಿಮಾನವನ್ನು ಮೇಲಕ್ಕೆ ಬಿಡುತ್ತೀರಿ. ಮಗುವಿಗೆ ಸ್ವಂತ ಬೆಲ್ಟಿರುವ ಜಾಗವನ್ನು ಕಡ್ಡಾಯ ಮಾಡಲು ಇನ್ನೇನು ಬೇಕು?

ಅಜ್ಜಿಯರೇ, ತಾತಂದಿರೇ, ಕೊನೆಗೆ ನಿಮ್ಮನ್ನೇ ಕೇಳುವುದು. ಮನೆಯಲ್ಲಿ ನಡೆಯುವುದು ನಿಮ್ಮ ಮಾತು. “ಅಯ್ಯೋ, ಅಳ್ತಾ ಇದೆ ಕಣೇ, ಬಿಚ್ಚಿ ಎತ್ಕೋ” ಎಂದು ನೀವಂದರೆ ಯಾವ ಸೊಸೆಯೂ ಬೆಲ್ಟ್ ಬಿಗಿಯಲಾರಳು. ಅತ್ತರೂ ಕಟ್ಟಿರಲಿ ಅನ್ನಿ. ಮೊದಲ ಹುಟ್ಟುಹಬ್ಬಕ್ಕೆ ಚಿನ್ನದ ಸರ, ಬೆಳ್ಳಿ ಲೋಟ ಎಂದು ದುಡ್ಡು ಕೂಡಿಟ್ಟಿರುತ್ತೀರಿ. ಡಿಸೆಂಬರ್ ರಜೆಯ ಟಿಕೆಟ್ ಇನ್ನೂ ತೆಗೆದಿಲ್ಲದಿದ್ದರೆ ಇವತ್ತೇ ಫೋನ್ ಮಾಡಿ, ಈ ಸಲ ಸರ ಬೇಡ, ಪಾಪೂಗೊಂದು ಸೀಟು ಬುಕ್ ಮಾಡಿ, ದುಡ್ಡು ನಾವು ಕೊಡ್ತೀವಿ ಅಂತ ಹೇಳಿ.