ಟಿಕೆಟ್ ಫ್ರೀ, ಟೈಮು?

ನಮ್ಮ ಆಫೀಸಿನಲ್ಲಿ ಕ್ಲೀನಿಂಗ್ ಕೆಲಸ ಮಾಡುವ ಅಕ್ಕ ಒಬ್ಬರಿದ್ದಾರೆ. ಮನೆ ಕೆ.ಆರ್.ಪುರದ ಕಡೆ. ಮೊನ್ನೆ ಕಾಫಿ ಮಷೀನ್ ಹತ್ತಿರ ಸಿಕ್ಕಾಗ ಮುಖ ಸಪ್ಪಗಿತ್ತು. ಏನಕ್ಕಾ ಅಂದೆ. "ಇವತ್ತೂ ಅರ್ಧ ದಿನದ ಸಂಬಳ ಹೋಯ್ತು ಸಾರ್" ಅಂದ್ರು. ಬಸ್ಸು ಮಾರತ್ತಹಳ್ಳಿಯಲ್ಲಿ ಸಿಕ್ಕಿಹಾಕಿಕೊಂಡು 20 ನಿಮಿಷ ಲೇಟಾಗಿತ್ತಂತೆ.

ಅವತ್ತು ನಾನು ಬಂದಿದ್ದು 40 ನಿಮಿಷ ಲೇಟಾಗಿ. ಕಾರಿನಲ್ಲಿ, ಒಬ್ಬನೇ, ಎಫ್ಎಂ ಕೇಳ್ತಾ. ನನ್ನನ್ನು ಯಾರೂ ಏನೂ ಕೇಳಲಿಲ್ಲ...

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಆಕೆಗೆ ಟಿಕೆಟ್ ಖರ್ಚಿಲ್ಲ. ಒಳ್ಳೆಯದೇ. ಆದರೆ ಟಿಕೆಟ್‌ನಲ್ಲಿ ಉಳಿದ ದುಡ್ಡನ್ನು ಟ್ರಾಫಿಕ್ ಕಿತ್ತುಕೊಳ್ಳುತ್ತಿದೆ. ಅರ್ಧ ದಿನದ ಕೂಲಿಯಲ್ಲಿ ಎಷ್ಟು ಟಿಕೆಟ್ ಬರುತ್ತವೆ, ನೀವೇ ಲೆಕ್ಕ ಹಾಕಿ.

ಇದೇ ಔಟರ್ ರಿಂಗ್ ರೋಡಿನಲ್ಲಿ 2019ರ ಅಕ್ಟೋಬರ್‌ನಲ್ಲಿ ಒಂದು ಪ್ರಯೋಗ ನಡೆದಿತ್ತು, ನೆನಪಿದೆಯಾ? ಸಿಲ್ಕ್ ಬೋರ್ಡಿನಿಂದ ಟಿನ್ ಫ್ಯಾಕ್ಟರಿವರೆಗೆ ಎಡಗಡೆಯ ಲೇನನ್ನು ಬಸ್ಸಿಗೆ ಬಿಟ್ಟುಕೊಟ್ಟು ಬೊಲಾರ್ಡ್ ನೆಟ್ಟಿದ್ದರು. ಕಾರಿನಲ್ಲಿ ಕೂತ ನಾವು ಗೊಣಗುತ್ತಿರುವಾಗಲೇ 500ಡಿ ಪಕ್ಕದಲ್ಲಿ ಸುಯ್ಯನೆ ಹೋಗುತ್ತಿತ್ತು. ಆಮೇಲೆ ಕೊರೋನಾ ಬಂತು, ಮೆಟ್ರೋ ಕಾಮಗಾರಿ ಬಂತು, ಬೊಲಾರ್ಡ್ ಮಾಯವಾಯಿತು. ಅದರ ಜೊತೆ ಆ ಯೋಚನೆಯೂ!

"ಮೊದಲೇ ಜಾಗ ಇಲ್ಲ, ಮೂರು ಲೇನಿನಲ್ಲಿ ಒಂದನ್ನು ಬಸ್ಸಿಗೆ ಕೊಟ್ಟರೆ ಹೇಗೆ?" ಅಂತ ನನ್ನ ಟೀಮಿನವರೇ ವಾದ ಮಾಡ್ತಾರೆ. ನಾವು ಇಂಜಿನಿಯರುಗಳಲ್ಲವೇ, ಲೆಕ್ಕ ನೋಡೋಣ. ಒಂದು ಲೇನಿನಲ್ಲಿ ಎಲ್ಲಾ ಸರಿಯಿದ್ದರೂ ಗಂಟೆಗೆ ಸುಮಾರು 1,800 ಕಾರು ಹೋಗಬಹುದು, ಅದರಲ್ಲಿ ಬಹುಪಾಲು ನನ್ನಂಥ ಒಂಟಿ ಪಿಶಾಚಿಗಳು :-) ಅದೇ ಲೇನಿನಲ್ಲಿ ನಿಮಿಷಕ್ಕೊಂದು ಬಸ್ಸು, ಬಸ್ಸಿಗೆ 60 ಜನ ಅಂದರೆ ಗಂಟೆಗೆ 3,600 ಜನ. ಆಮೇಲೂ ಲೇನು ಮುಕ್ಕಾಲು ಖಾಲಿ ಕಾಣುತ್ತದೆ. ಆ ಖಾಲಿ ನೋಡಿಯೇ ನಮಗೆ ಹೊಟ್ಟೆಕಿಚ್ಚು! ನೆಟ್‌ವರ್ಕಿನಲ್ಲಿ ಪ್ಯಾಕೆಟ್ ಎಣಿಸಿ, ಒಳಗಿನ ಡೇಟಾ ಮರೆತ ಹಾಗೆ.

ಮೆಟ್ರೋ ಬಂದ ಮೇಲೆ ಬಸ್ ಲೇನ್ ಯಾಕೆ ಅನ್ನುವವರಿದ್ದಾರೆ. ಮೆಟ್ರೋ ಸ್ಟೇಷನ್ ಎಲ್ಲರ ಮನೆ ಬಾಗಿಲಿಗೆ ಬರುವುದಿಲ್ಲ. ಅಲ್ಲಿಗೆ ಮುಟ್ಟಿಸುವುದು ಬಸ್ಸು ಮತ್ತು ಕಾಲು. ಕಾಲಿಗೆ ಬೇಕಾದದ್ದು ಫುಟ್‌ಪಾತ್. ಕನಿಷ್ಠ 1.8 ಮೀಟರ್ ಅಗಲ ಇರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲೇ ಬರೆದಿಟ್ಟಿದೆ. ಸರ್ವಿಸ್ ರೋಡಿನಲ್ಲಿ ಆ 1.8 ಮೀಟರಿನೊಳಗೆ ಟ್ರಾನ್ಸ್‌ಫಾರ್ಮರ್, ಬೈಕು, ಮುರಿದ ಚಪ್ಪಡಿ ಎಲ್ಲಾ ಸಿಗುತ್ತವೆ, ನಡೆಯಲು ಜಾಗ ಬಿಟ್ಟು. ಇದು ನಮ್ಮೂರಿನಲ್ಲಿ ಆಗದ ಕೆಲಸವೇನಲ್ಲ. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳನ್ನು ಟೆಂಡರ್ ಶ್ಯೂರ್‌ನಲ್ಲಿ ಮಾಡಿದ್ದು ನಾವೇ ನೋಡಿದ್ದೇವೆ.

ತೊಂದರೆಗಳಿಲ್ಲ ಅಂತಲ್ಲ. ಎಡ ಲೇನ್ ಬಸ್ಸಿಗೆ ಕೊಟ್ಟರೆ ಟೆಕ್ ಪಾರ್ಕಿಗೆ ತಿರುಗುವ ಕಾರುಗಳು ಅದನ್ನು ದಾಟಲೇಬೇಕು. ಅದಕ್ಕೆ ದಾಟುವ ಜಾಗಗಳನ್ನು ಕಡಿಮೆ ಮಾಡಿ, ಸರಿಯಾಗಿ ಗುರುತು ಹಾಕಿ, ಕ್ಯಾಮೆರಾ ಇಟ್ಟು ದಂಡ ಹಾಕಬೇಕು. ಬರೀ ಬೊಲಾರ್ಡ್ ನೆಟ್ಟು ಕೈತೊಳೆದುಕೊಂಡರೆ ಆಗದು. ಬಸ್ಸುಗಳ ಸಂಖ್ಯೆಯೂ ಹೆಚ್ಚಬೇಕು, ಇಲ್ಲದಿದ್ದರೆ ಖಾಲಿ ಲೇನಿಗೆ ಸಮರ್ಥನೆ ಇರುವುದಿಲ್ಲ.

ನಾನೀಗ ವಾರಕ್ಕೆರಡು ದಿನ 500ಡಿ ಹಿಡಿಯುತ್ತಿದ್ದೇನೆ. ದೊಡ್ಡ ತ್ಯಾಗವೇನಲ್ಲ. ಲೇಟಾದರೆ ನನಗೆ ಮೀಟಿಂಗ್ ತಪ್ಪುತ್ತದೆ, ಅಷ್ಟೇ. ಸೀಟು ಸಿಗದೆ ಪಕ್ಕದಲ್ಲಿ ನಿಂತವರಿಗೆ ಅನ್ನ ತಪ್ಪುತ್ತದೆ. ಇರುವ ಮೂರರಲ್ಲಿ ಒಂದು ಲೇನ್ ಅವರದ್ದು ಅಂದರೆ ಅಷ್ಟು ಜಾಸ್ತಿಯಾಯಿತಾ?

ನೀವೇನಂತೀರಿ?