ಅಂಧರ ಜೂಡೋ: ಸಮಾನತೆಯೂ ನ್ಯಾಯವೂ

ದೃಷ್ಟಿಹೀನರ ಜೂಡೋ ಸ್ಪರ್ಧೆಯು ಪ್ಯಾರಾಲಿಂಪಿಕ್ ಕ್ರೀಡಾಕೂಟದಲ್ಲಿ ಪುರುಷರಿಗೆ 1988ರ ಸಿಯೋಲ್‌ನಿಂದಲೂ ಮಹಿಳೆಯರಿಗೆ 2004ರ ಅಥೆನ್ಸ್‌ನಿಂದಲೂ ನಡೆದುಬಂದಿದೆ. ಇದರ ವಿಶೇಷವೇನೆಂದರೆ, ಸ್ಪರ್ಧಿಗಳಿಬ್ಬರೂ ಕಣದ ನಡುವೆ ಪರಸ್ಪರರ ಉಡುಪನ್ನು ಹಿಡಿದು ನಿಂತ ಮೇಲೆಯೇ ತೀರ್ಪುಗಾರರು ಆರಂಭದ ಅಪ್ಪಣೆ ಕೊಡುತ್ತಾರೆ. ಹಿಡಿತ ಪೂರ್ತಿ ತಪ್ಪಿದರೆ ಆಟವನ್ನು ನಿಲ್ಲಿಸಿ, ಮರಳಿ ಹಿಡಿತದಿಂದಲೇ ಮೊದಲುಮಾಡಿಸುತ್ತಾರೆ. ಕಣ್ಣಿನ ಕೆಲಸವನ್ನು ಇಲ್ಲಿ ಕೈಯೇ ಮಾಡುವುದರಿಂದ ಪೂರ್ಣ ಅಂಧನಿಗೂ ಅಲ್ಪಸ್ವಲ್ಪ ಕಾಣುವವನಿಗೂ ಭೇದವಿಲ್ಲವೆಂದು ಬಹುಕಾಲ ನಂಬಲಾಗಿತ್ತು. ಆದಕಾರಣ, 2021ರಲ್ಲಿ ಜರುಗಿದ ಟೋಕಿಯೋ ಕೂಟದವರೆಗೂ ದೃಷ್ಟಿಯ ಮೂರು ದರ್ಜೆಯವರನ್ನೂ ತೂಕವೊಂದನ್ನೇ ನೋಡಿ ಒಂದೇ ಕಣಕ್ಕಿಳಿಸಲಾಗುತ್ತಿತ್ತು.

ಈ ನಂಬಿಕೆ ಪರೀಕ್ಷೆಗೆ ನಿಲ್ಲಲಿಲ್ಲ. ಹಿಂದಿನ ಸ್ಪರ್ಧೆಗಳ ಫಲಿತಾಂಶಗಳನ್ನು ಸಂಶೋಧಕರು ಪರಿಶೀಲಿಸಿದಾಗ, ಪೂರ್ಣ ಅಂಧರು ಇತರರಿಗಿಂತ ಹಿಂದುಳಿದಿದ್ದುದು ಸ್ಪಷ್ಟವಾಯಿತು. ಎದುರಾಳಿಯ ಕಾಲು ಸರಿಯುವುದು ಮಸುಕಾಗಿ ಕಂಡರೂ ಕಂಡವನಿಗೆ ಅದೊಂದು ಲಾಭವೇ ಸರಿ. ಅಲ್ಲದೆ, ಅಭ್ಯಾಸದ ಕಾಲದಲ್ಲಿ ಪಟ್ಟುಗಳನ್ನು ನೋಡಿ ಕಲಿಯುವ ಅನುಕೂಲವೂ ಅವನಿಗುಂಟು.

ಅಂಧರ ಕ್ರೀಡೆಗಳ ಅಂತರರಾಷ್ಟ್ರೀಯ ಒಕ್ಕೂಟವು 2022ರಿಂದ ಕ್ರಮವನ್ನು ಬದಲಿಸಿತು. ಪೂರ್ಣ ಅಂಧರಿಗೆ ಜೆ-1, ಭಾಗಶಃ ಕಾಣುವವರಿಗೆ ಜೆ-2 ಎಂಬ ಪ್ರತ್ಯೇಕ ವರ್ಗಗಳೂ ಪ್ರತ್ಯೇಕ ಪದಕಗಳೂ ಏರ್ಪಟ್ಟವು. 2024ರ ಪ್ಯಾರಿಸ್ ಕೂಟದಲ್ಲಿ ಪುರುಷರ 60 ಕಿಲೋ ಜೆ-1 ವಿಭಾಗದಲ್ಲಿ ಮಧ್ಯಪ್ರದೇಶದ ಕಪಿಲ್ ಪರ್ಮಾರ್ ಅವರು ಬ್ರೆಜಿಲ್‌ನ ಎದುರಾಳಿಯನ್ನು 10-0ಯಿಂದ ಸೋಲಿಸಿ ಕಂಚಿನ ಪದಕ ಗಳಿಸಿದರು. ಪ್ಯಾರಾಲಿಂಪಿಕ್ ಜೂಡೋದಲ್ಲಿ ಭಾರತಕ್ಕೆ ಅದೇ ಮೊದಲ ಪದಕ. ಬಾಲ್ಯದಲ್ಲಿ ವಿದ್ಯುದಾಘಾತಕ್ಕೆ ಸಿಕ್ಕಿ, ಮುಂದೆ ಚಹಾದಂಗಡಿಯಿಂದ ಹೊಟ್ಟೆ ಹೊರೆದವರು ಅವರು. ಚಹಾದ ಗಲ್ಲದ ಹಿಂದಿನ ದುಡಿಮೆ ಎಂತಹುದೆಂಬುದನ್ನು ನಮ್ಮ ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ.

ಆದರೆ ಈ ನ್ಯಾಯಕ್ಕೂ ಬೆಲೆ ತೆರಬೇಕಾಯಿತು. ಟೋಕಿಯೋದಲ್ಲಿ ಪುರುಷರಿಗೆ 7, ಮಹಿಳೆಯರಿಗೆ 6 ಇದ್ದ ತೂಕದ ವಿಭಾಗಗಳು ಪ್ಯಾರಿಸ್‌ನಲ್ಲಿ ತಲಾ 4ಕ್ಕೆ ಇಳಿದವು. ಒಟ್ಟು ಪದಕಸ್ಪರ್ಧೆಗಳು 13ರಿಂದ 16ಕ್ಕೆ ಏರಿದವು, ನಿಜ. ಆದರೆ ಪುರುಷರಲ್ಲಿ 60ರ ಮೇಲೆ ನೇರವಾಗಿ 73 ಕಿಲೋ ಬಂದಿತು. 66 ಕಿಲೋ ತೂಗುವಾತನು ಒಂದೋ ಆರು ಕಿಲೋ ಇಳಿಯಬೇಕು, ಇಲ್ಲವೇ ತನಗಿಂತ ಏಳು ಕಿಲೋ ಭಾರದವನನ್ನು ಎದುರಿಸಬೇಕು. ಅರ್ಹತೆಯ ಮಿತಿಯೂ ಬಿಗಿಯಾದುದರಿಂದ, ಹಿಂದೆ ಮೂರನೆಯ ದರ್ಜೆಯಲ್ಲಿ ಆಡುತ್ತಿದ್ದ ಕೆಲವರಿಗೆ ಬಾಗಿಲೇ ಮುಚ್ಚಿತು. ಸಾಮಾನ್ಯರ ಪಂದ್ಯಕ್ಕೆ ಅವರ ದೃಷ್ಟಿ ಸಾಲದು. ಅಂಧರ ಪಂದ್ಯಕ್ಕೆ ಅದು ಹೆಚ್ಚು!

ಹೀಗಿದ್ದರೂ ಹಳೆಯ ಕ್ರಮಕ್ಕೆ ಮರಳಬೇಕೆಂದು ನಾವು ಹೇಳುವುದಿಲ್ಲ. ಅಸಮಾನರನ್ನು ಒಂದೇ ನಿಯಮಕ್ಕೆ ಒಳಪಡಿಸಿದ ಮಾತ್ರಕ್ಕೆ ಸಮಾನತೆ ಸಿದ್ಧಿಸದು. ಆದರೆ ಕಣ್ಣಿನ ಅನ್ಯಾಯವನ್ನು ತೊಡೆಯಲು ಹೊರಟವರು ತೂಕದ ಅನ್ಯಾಯವನ್ನು ತಂದಿಡಬಾರದು. ಸ್ಪರ್ಧಿಗಳ ಸಂಖ್ಯೆ ಬೆಳೆದಂತೆ ತೂಕದ ವಿಭಾಗಗಳೂ ಹೆಚ್ಚತಕ್ಕದ್ದು. ಸಂಖ್ಯೆ ಬೆಳೆಯಬೇಕಾದರೆ ಅಂಧ ಮಕ್ಕಳ ಶಾಲೆಗಳಲ್ಲಿ ಈ ವಿದ್ಯೆಯನ್ನು ಕಲಿಸುವ ಗುರುಗಳು ಬೇಕು. ಪ್ಯಾರಿಸ್‌ನ ಪದಕವನ್ನು ಕೊಂಡಾಡಿದ ನಮ್ಮ ಸರ್ಕಾರಗಳು ಈ ಕೆಲಸಕ್ಕೂ ಹಣ ಒದಗಿಸಲಿ ಎಂಬುದು ನಮ್ಮ ಆಗ್ರಹ.