ಬಿತ್ತುವ ಮೊದಲು ಯಾಂಗೋನ್ ದರ ತಿಳಿಯಬೇಕು

ಹುಮನಾಬಾದ್ ತಾಲ್ಲೂಕಿನ ಘಾಟಬೋರಾಳ ಸೀಮೆಯಲ್ಲಿ ಮಿರಗ ಮಳೆ ಬಿದ್ದರೆ ಉದ್ದು, ಹೆಸರು, ಸೋಯಾ, ತೊಗರಿ ಭೂಮಿಗೆ ಬೀಳುತ್ತವೆ. ಯಾವುದನ್ನು ಎಷ್ಟು ಎಕರೆ ಹಾಕಬೇಕೆಂದು ರೈತ ತೀರ್ಮಾನಿಸುವುದು ಬಹುಮಟ್ಟಿಗೆ ಹೋದ ವರ್ಷದ ದರ ನೋಡಿ. ಬರುವ ಸುಗ್ಗಿಯ ದರದ ಸುಳಿವು ಆ ಹೊತ್ತಿಗೆ ಬೇರೆ ಕಡೆ ಸಿಕ್ಕಿರುತ್ತದೆ. ಮ್ಯಾನ್ಮಾರ್‌ನ ಉದ್ದು, ತೊಗರಿ ನಮ್ಮ ಬಂದರುಗಳಿಗೆ ಹೇರಳವಾಗಿ ಬರುವುದೇ ನಾವು ಬಿತ್ತನೆಗೆ ಸಿದ್ಧವಾಗುವ ಬೇಸಿಗೆಯಲ್ಲಿ. ಆ ಕಾಳು ಯಾವ ಬೆಲೆಗೆ ಬಂದಿಳಿಯುತ್ತದೆ ಎಂಬುದರಲ್ಲಿ ಆ ದೇಶದ ಕ್ಯಾಟ್ ಮತ್ತು ನಮ್ಮ ರೂಪಾಯಿಯ ವಿನಿಮಯ ದರದ ಕೈವಾಡ ದೊಡ್ಡದು.

ಎರಡು ನಾಣ್ಯಗಳ ಲೆಕ್ಕ ಈ ಭಾಗಕ್ಕೆ ಹೊಸದಲ್ಲ. ಬೀದರ್ ಜಿಲ್ಲೆ ನಿಜಾಮರ ಆಳ್ವಿಕೆಯಲ್ಲಿದ್ದಾಗ ಇಲ್ಲಿ ನಡೆಯುತ್ತಿದ್ದದ್ದು ಹಾಲಿ ಸಿಕ್ಕಾ. ಪಕ್ಕದ ಸೊಲ್ಲಾಪುರದಲ್ಲಿ ಬ್ರಿಟಿಷರ ಕಲ್ದಾರ್ ರೂಪಾಯಿ. 7 ಹಾಲಿಗೆ 6 ಕಲ್ದಾರ್. 100 ಕಲ್ದಾರ್‌ಗೆ ಬರುತ್ತಿದ್ದದ್ದು 116 ರೂಪಾಯಿ 10 ಆಣೆ 8 ಪೈ ಹಾಲಿ. ಪೊಲೀಸ್ ಕಾರ್ಯಾಚರಣೆಯ ನಂತರ ಭಾರತದ ರೂಪಾಯಿ ಬಂದಾಗಲೂ ಇದೇ ದರ ಉಳಿಯಿತು. 1959ರಲ್ಲಿ ಹಾಲಿ ಸಿಕ್ಕಾದ ಮಾನ್ಯತೆ ಕೊನೆಯಾಯಿತು. ಸೊಲ್ಲಾಪುರದ ಪೇಟೆಗೆ ಮಾಲು ಒಯ್ದವನು ವಟ್ಟ ಎಷ್ಟು ಹೋದೀತೆಂದು ಮೊದಲೇ ಅಂದಾಜು ಹಾಕಿಕೊಳ್ಳಬಹುದಿತ್ತು. ಇಂದು ಅವನ ಮೊಮ್ಮಗನ ಬೆಳೆಗೆ ಬೆಲೆ ಕಟ್ಟುವ ವಿನಿಮಯ ದರ ದಿನದಿನವೂ ಏರಿಳಿಯುತ್ತದೆ, ಅದನ್ನು ಅವನಿಗೆ ಹೇಳುವವರೇ ಇಲ್ಲ.

ಕ್ಯಾಟ್ ಮತ್ತು ರೂಪಾಯಿ ಒಂದು ಕಾಲದಲ್ಲಿ ಸಮಸಮ. 1937ರವರೆಗೆ ಬರ್ಮಾ ಬ್ರಿಟಿಷ್ ಇಂಡಿಯಾದ ಭಾಗ, ಅಲ್ಲಿಯದೂ ರೂಪಾಯಿಯೇ. 1952ರಲ್ಲಿ ಕ್ಯಾಟ್ ಬಂದಾಗ ಒಂದು ರೂಪಾಯಿಗೆ ಒಂದು ಕ್ಯಾಟ್. 2021ರ ಫೆಬ್ರುವರಿಯಲ್ಲಿ ಸೇನೆ ಅಧಿಕಾರ ಹಿಡಿಯುವ ಮುನ್ನ ಒಂದು ರೂಪಾಯಿಗೆ ಸುಮಾರು 18 ಕ್ಯಾಟ್ ಬರುತ್ತಿತ್ತು. ಅಲ್ಲಿಂದ ಮುಂದೆ ಕುಸಿತ. 2022ರ ಆಗಸ್ಟ್‌ನಲ್ಲಿ ಅಲ್ಲಿಯ ಕೇಂದ್ರ ಬ್ಯಾಂಕ್ ಡಾಲರ್‌ಗೆ 2,100 ಕ್ಯಾಟ್ ಎಂದು ಅಧಿಕೃತ ದರ ಗೊತ್ತುಮಾಡಿತು. 2024ರಲ್ಲಿ ಹೊರಪೇಟೆಯ ದರ 4,000 ದಾಟಿತು. ಆ ದರದಲ್ಲಿ ಒಂದು ರೂಪಾಯಿಗೆ 48ಕ್ಕೂ ಹೆಚ್ಚು ಕ್ಯಾಟ್.

ಇದರಿಂದ ಘಾಟಬೋರಾಳದ ರೈತನಿಗೇನು? ಲೆಕ್ಕಕ್ಕಾಗಿ ಟನ್ ಉದ್ದಿಗೆ 800 ಡಾಲರ್ ಎಂದುಕೊಳ್ಳೋಣ. ಡಾಲರ್‌ಗೆ 2,100 ಕ್ಯಾಟ್ ಇದ್ದರೆ ಮ್ಯಾನ್ಮಾರ್‌ನ ಯಾಂಗೋನ್‌ನ ವ್ಯಾಪಾರಿಯ ಕೈಗೆ 16.8 ಲಕ್ಷ ಕ್ಯಾಟ್ ಸಿಗುತ್ತದೆ. 4,000 ಆದರೆ 32 ಲಕ್ಷ. ಅವನು 640 ಡಾಲರ್‌ಗೆ ಇಳಿಸಿ ಮಾರಿದರೂ 25.6 ಲಕ್ಷ ಕ್ಯಾಟ್ ಬರುತ್ತದೆ. ಡಾಲರ್‌ಗೆ 85 ರೂಪಾಯಿಯಂತೆ ನಮ್ಮ ಕಡೆ ನೋಡಿದರೆ 800 ಡಾಲರ್ ಎಂದರೆ ಕ್ವಿಂಟಾಲ್‌ಗೆ 6,800 ರೂಪಾಯಿ, 640 ಡಾಲರ್ ಎಂದರೆ 5,440. ಉದ್ದಿಗೆ 2025-26ರ ಬೆಂಬಲ ಬೆಲೆ 7,800. ಬಂದರಿಗೆ 5,440ಕ್ಕೆ ಕಾಳು ಬಂದಿಳಿದರೆ ಹುಮನಾಬಾದ್‌ನ ಅಡತಿಯಲ್ಲಿ 7,800 ಕೇಳುವುದು ಹೇಗೆ?

ವ್ಯವಹಾರ ಇಷ್ಟು ಸರಳವಲ್ಲ ಎಂಬುದೂ ನಿಜ. ಮ್ಯಾನ್ಮಾರ್‌ನಲ್ಲಿಯೂ ಗೊಬ್ಬರ, ಡೀಸೆಲ್ ತುಟ್ಟಿಯಾಗಿವೆ. ರಫ್ತಿನ ಡಾಲರ್‌ನಲ್ಲಿ ಒಂದು ಪಾಲನ್ನು ಅಧಿಕೃತ ದರಕ್ಕೇ ಬದಲಿಸಬೇಕೆಂಬ ಕಟ್ಟಳೆ ಬೇರೆ. ನಾವು ಕಣ್ಣಿಡಬೇಕಾದದ್ದು ಈ ಕಟ್ಟಳೆಯ ಮೇಲೆ. ಅದು ಸಡಿಲವಾದಷ್ಟೂ ಅಲ್ಲಿಯ ವ್ಯಾಪಾರಿಗೆ ಕಡಿಮೆ ಡಾಲರ್‌ಗೆ ಮಾರುವ ಆಸ್ಪದ ಹೆಚ್ಚುತ್ತದೆ.

ನಮ್ಮದೇ ಆಮದು ನೀತಿಯೂ ಇದಕ್ಕೆ ಜೊತೆಗೂಡುತ್ತದೆ. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತೊಗರಿ, ಉದ್ದು, ಹೆಸರಿನ ಆಮದನ್ನು ಮುಕ್ತಗೊಳಿಸಿತು. ಹೆಸರಿನ ಬಾಗಿಲು ಮತ್ತೆ ಮುಚ್ಚಿತು. ತೊಗರಿ, ಉದ್ದಿನ ಗಡುವು ಮಾತ್ರ ವರ್ಷವರ್ಷವೂ ಮುಂದಕ್ಕೆ ಹೋಗಿ 2026ರ ಮಾರ್ಚ್‌ವರೆಗೆ ಬೆಳೆಯಿತು. ಪರಿಣಾಮವನ್ನು ಈ ಭಾಗ ಕಂಡಿದೆ. 2024ರಲ್ಲಿ ಕ್ವಿಂಟಾಲ್‌ಗೆ 10,000 ದಾಟಿದ್ದ ತೊಗರಿ, 2025ರ ಜನವರಿಯಲ್ಲಿ ಹೊಸ ಬೆಳೆ ಬರುವ ಹೊತ್ತಿಗೆ 7,550ರ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ರಾಜ್ಯ ಸರ್ಕಾರ 450 ರೂಪಾಯಿ ಪ್ರೋತ್ಸಾಹಧನ ಸೇರಿಸಬೇಕಾಯಿತು. ಒಳ್ಳೆಯ ದರ ನೋಡಿ ತೊಗರಿ ಹೆಚ್ಚು ಹಾಕಿದವರಿಗೇ ಹೆಚ್ಚು ಪೆಟ್ಟು. ಮ್ಯಾನ್ಮಾರ್ ಒಂದೇ ಅಲ್ಲ, ಮೊಜಾಂಬಿಕ್, ಮಲಾವಿಗಳಿಂದಲೂ ತೊಗರಿ ಬರುತ್ತದೆ. ಮಲಾವಿ 2023ರ ನವೆಂಬರ್‌ನಲ್ಲಿ ತನ್ನ ಕ್ವಾಚಾ ನಾಣ್ಯವನ್ನು ಅಪಮೌಲ್ಯಗೊಳಿಸಿ ಡಾಲರ್ ದರವನ್ನು ಒಂದೇಟಿಗೆ ಶೇ 44ರಷ್ಟು ಏರಿಸಿತು. ಅಂಥ ಸುದ್ದಿ ಬೀದರ್‌ನ ಕೃಷಿ ಅಧಿಕಾರಿಗಳ ಮೇಜಿಗೆ ಬರಬೇಕು, ಅಲ್ಲಿಂದ ಹಳ್ಳಿಗೆ ಮುಟ್ಟಬೇಕು.

ರೈತರನ್ನು ಉದ್ದು, ತೊಗರಿಯಿಂದ ಓಡಿಸುವುದು ಈ ಎಚ್ಚರಿಕೆಯ ಉದ್ದೇಶವಲ್ಲ. ನೆಲಕ್ಕೂ ಮನೆಗೂ ಕಾಳು ಬೇಕು. ಮುಂಗಾರಿಗೆ ಮೊದಲೇ ಆಗಬೇಕಾದ ಕೆಲಸಗಳಿವೆ. ಏಪ್ರಿಲ್, ಮೇ ತಿಂಗಳಲ್ಲಿ ವಾರಕ್ಕೊಮ್ಮೆಯಾದರೂ ಚೆನ್ನೈ, ಮುಂಬೈ ಬಂದರಿಗೆ ಇಳಿದ ಕಾಳಿನ ದರವನ್ನು ಹುಮನಾಬಾದ್, ಬಸವಕಲ್ಯಾಣದ ಎಪಿಎಂಸಿಗಳು ಕನ್ನಡದಲ್ಲಿ ಫಲಕಕ್ಕೆ ಹಾಕಲಿ, ಪಕ್ಕದಲ್ಲೇ ಬೆಂಬಲ ಬೆಲೆಯನ್ನೂ ಬರೆಯಲಿ. ಆಮದು ಸುಂಕದ ತೀರ್ಮಾನವನ್ನು ಕೇಂದ್ರ ಬಿತ್ತನೆಗೆ ಮುಂಚೆ ಪ್ರಕಟಿಸಲಿ, ನಡುವೆ ಬದಲಿಸದಿರಲಿ. ತೊಗರಿ, ಉದ್ದು, ಮಸೂರವನ್ನು ರೈತರು ತಂದಷ್ಟೂ ನಾಲ್ಕು ವರ್ಷ ಖರೀದಿಸುವುದಾಗಿ 2025ರ ಬಜೆಟ್‌ನಲ್ಲಿ ಕೇಂದ್ರ ಮಾತು ಕೊಟ್ಟಿದೆ. ಆ ಮಾತು ನಡೆಯಬೇಕಾದರೆ ಖರೀದಿ ಕೇಂದ್ರ ಮಾಲು ಬರುವ ಮೊದಲೇ ತೆರೆದಿರಬೇಕು. ಅರ್ಧ ಬೆಳೆ ವ್ಯಾಪಾರಿಯ ಪಾಲಾದ ಮೇಲೆ ತೂಕದ ಯಂತ್ರ ತಂದಿಟ್ಟರೆ ಸಣ್ಣ ಹಿಡುವಳಿದಾರನಿಗೆ ಅದರಿಂದ ಏನೂ ದಕ್ಕದು.

ರೈತ ಬಂಧುಗಳು ಈಗಲೇ ಫ್ರೂಟ್ಸ್ ಐಡಿ, ಪಹಣಿ, ಬ್ಯಾಂಕ್ ಖಾತೆ ಸರಿಯಿವೆಯೇ ನೋಡಿಕೊಳ್ಳಿ. ಬೆಳೆ ಸಮೀಕ್ಷೆಯಲ್ಲಿ ಹೊಲದ ಬೆಳೆ ಸರಿಯಾಗಿ ದಾಖಲಾಗುವಂತೆ ನೋಡಿಕೊಳ್ಳಿ. ಬೆಂಬಲ ಬೆಲೆಯ ನೋಂದಣಿ ಶುರುವಾದ ಮೊದಲ ವಾರದಲ್ಲೇ ಹೆಸರು ಬರೆಸಿ.